ನೂರು ರೂಪಾಯಿ ಗೇಮ್ ಮಾರಿದ್ರೆ ಮಾಡಿದವರ ಕೈಗೆ ಎಷ್ಟು? ಆನ್‌ಲೈನ್ ಗೇಮ್ ಅಂಗಡಿಗಳ ಕಮಿಷನ್ ಲೆಕ್ಕ ಇಲ್ಲಿದೆ

ಬಸವನಗುಡಿ: ಗಾಂಧಿಬಜಾರಿನ ಹೂವಿನವರ ಹತ್ತಿರ ನೂರು ರೂಪಾಯಿ ಹೂವು ತಗೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಅವರ ಖಾತೆಗೆ ನೂರಕ್ಕೆ ನೂರೂ ಬೀಳುತ್ತೆ. ಅದೇ ಫೋನ್, ಅದೇ ಯುಪಿಐ, ಅದೇ ನೂರು ರೂಪಾಯಿ ಮೊಬೈಲ್ ಗೇಮ್ ಒಳಗೆ ಖರ್ಚಾದ್ರೆ ಕಥೆ ಬೇರೆ. ತೆರಿಗೆ ಬದಿಗಿಟ್ಟರೂ ಗೇಮ್ ಮಾಡಿದವರಿಗೆ ತಲುಪೋದು 85 ರೂಪಾಯಿ, ಕಂಪನಿ ದೊಡ್ಡದಾದ್ರೆ 70. ಮಿಕ್ಕಿದ್ದು ಆ ಗೇಮನ್ನು ಇಟ್ಟುಕೊಂಡಿರೋ ಆನ್‌ಲೈನ್ ಅಂಗಡಿಯ ಪಾಲು.

ಈ ಶೇ. 15, ಶೇ. 30ರ ಲೆಕ್ಕವೇ ಕೆಲವು ವರ್ಷಗಳಿಂದ ದೆಹಲಿಯಲ್ಲಿ ಸ್ಪರ್ಧಾ ಆಯೋಗದಿಂದ ಸುಪ್ರೀಂ ಕೋರ್ಟ್‌ವರೆಗೂ ಓಡಾಡ್ತಿದೆ. ಡೆಲಿವರಿ ಆ್ಯಪ್‌ಗಳ ಕಮಿಷನ್ ಕಂಡು ತಲೆ ಮೇಲೆ ಕೈ ಹೊತ್ತ ಹೋಟೆಲ್‌ನವರಿಗೆ ಈ ಜಗಳ ಬೇಗ ಅರ್ಥ ಆಗುತ್ತೆ. ಚಾಮರಾಜಪೇಟೆ, ಮಲ್ಲೇಶ್ವರಂ, ಬಸವನಗುಡಿ ಕಡೆ ಕಂಪ್ಯೂಟರ್ ಓದ್ತಾ ಮನೆಯಲ್ಲೇ ಗೇಮ್ ಮಾಡೋ ಹುಡುಗ ಹುಡುಗಿಯರಿಗೆ ಇದು ನೇರವಾಗಿ ಹೊಟ್ಟೆಪಾಡಿನ ಪ್ರಶ್ನೆ. ಮಗನ ಫೋನ್‌ನಿಂದ ದುಡ್ಡು ಹೋಗೋದು ನೋಡೋ ಅಪ್ಪ ಅಮ್ಮಂದಿರಿಗೂ ಸಂಬಂಧ ಇದೆ.

ಅಂಗಡಿ ಯಾವುದು, ಮಾಲೀಕರು ಯಾರು?

ಗೇಮ್ ಸಿಗೋ ಜಾಗಗಳು ಮುಖ್ಯವಾಗಿ ನಾಲ್ಕೈದು. ಆಂಡ್ರಾಯ್ಡ್ ಫೋನ್‌ಗೆ ಗೂಗಲ್ ಪ್ಲೇ ಸ್ಟೋರ್. ಐಫೋನ್‌ಗೆ ಆ್ಯಪಲ್‌ನ ಆ್ಯಪ್ ಸ್ಟೋರ್. ಕಂಪ್ಯೂಟರ್‌ಗೆ ಸ್ಟೀಮ್, ಇದರ ಮಾಲೀಕರು ಅಮೆರಿಕದ ವಾಲ್ವ್ ಕಂಪನಿ. ಅದಕ್ಕೆ ಪೈಪೋಟಿಯಾಗಿ 2018ರ ಡಿಸೆಂಬರ್‌ನಲ್ಲಿ ಬಂದಿದ್ದು ಎಪಿಕ್ ಗೇಮ್ಸ್ ಸ್ಟೋರ್. ಒಬ್ಬರೇ ಇಬ್ಬರೇ ಕೂತು ಮಾಡೋ ಸಣ್ಣ ಗೇಮ್‌ಗಳಿಗೆ ಇಚ್ ಡಾಟ್ ಐಓ ಅನ್ನೋ ಸೈಟ್.

ಮೊದಲು ಗೇಮ್ ಅಂದ್ರೆ ಡಿಸ್ಕ್. ಎಸ್‌.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗೋ, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ಗೋ ಹೋಗಿ ತರಬೇಕಿತ್ತು. ಅಸಲಿಯೋ ನಕಲಿಯೋ, ಮಾರಿದ ಲಾಭದಲ್ಲಿ ಒಂದಷ್ಟು ಇದೇ ಊರಿನ ಅಂಗಡಿಯವರ ಕೈಲಿ ಉಳೀತಿತ್ತು. 2003ರಲ್ಲಿ ಶುರುವಾದ ಸ್ಟೀಮ್ ಡಿಸ್ಕ್ ಬೇಡ, ಇಂಟರ್ನೆಟ್ಟಲ್ಲೇ ಇಳಿಸಿಕೊಳ್ಳಿ ಅಂತ ಹೇಳ್ತು. 2008ರಲ್ಲಿ ಆ್ಯಪಲ್ ಆ್ಯಪ್ ಸ್ಟೋರ್ ತೆರೆದಾಗ ಮಾರಾಟದಲ್ಲಿ 70 ಪಾಲು ಮಾಡಿದವರಿಗೆ, 30 ಪಾಲು ಅಂಗಡಿಗೆ ಅಂತ ಗೊತ್ತು ಮಾಡ್ತು. ಆಮೇಲೆ ಬಂದವರೂ ಹೆಚ್ಚುಕಮ್ಮಿ ಅದೇ ರೇಟು ಹಿಡಿದರು. 2015ರ ಕೊನೆಯಿಂದ ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಕಾಣಿಸೋಕೆ ಶುರುವಾಯ್ತು.

ಇದರಿಂದ ಬೆಂಗಳೂರಿಗೆ ಲಾಭವೇ ಆಗಿಲ್ಲ ಅಂತ ಹೇಳೋಕಾಗಲ್ಲ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅವರ ಹೆಚ್ಚಿನ ಕೆಲಸ ಹೊರದೇಶದ ಕಂಪನಿಗಳ ಗೇಮ್‌ಗೆ ಚಿತ್ರ, ಕಾರು, ಕಟ್ಟಡ ಮಾಡಿಕೊಡೋದು. ಅಂದ್ರೆ ಕೂಲಿಗೆ ನೇಯ್ದ ಹಾಗೆ, ಸೀರೆ ಮೇಲೆ ಹೆಸರು ಬೇರೆಯವರದ್ದು. 2019ರಲ್ಲಿ ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಕಂಪನಿ ಅದನ್ನ ಕೊಂಡುಕೊಂಡಿತು. ಪ್ಲೇ ಸ್ಟೋರ್ ಬಂದ ಮೇಲೆ ಇದೇ ಊರಿನ ಮೂನ್‌ಫ್ರಾಗ್ ಲ್ಯಾಬ್ಸ್ 'ತೀನ್ ಪತ್ತಿ ಗೋಲ್ಡ್' ಥರದ ಗೇಮ್ ಮಾಡಿ ನೇರವಾಗಿ ಜನರ ಫೋನ್‌ಗೇ ಬಿಟ್ಟಿತು. ಮಧ್ಯೆ ಡಿಸ್ಟ್ರಿಬ್ಯೂಟರ್ ಇಲ್ಲ, ಡಿಸ್ಕ್ ಇಲ್ಲ, ಲಾರಿ ಇಲ್ಲ. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಆ ಕಂಪನಿಯನ್ನ ಕೊಂಡಿತು. ಮಾರೋ ದಾರಿ ಸಲೀಸಾಗಿದ್ದು ನಿಜ. ಆದ್ರೆ ಆ ದಾರಿಗೆ ಒಂದು ಟೋಲ್ ಗೇಟ್ ಇದೆ.

ಯಾರು ಎಷ್ಟು ಹಿಡೀತಾರೆ?

ಇದರಲ್ಲಿ ಎರಡು ಥರದ ಖರ್ಚು. ಒಂದು, ಅಂಗಡಿಗೆ ಸೇರೋಕೆ ಕಟ್ಟೋ ಪ್ರವೇಶ ಶುಲ್ಕ. ಇನ್ನೊಂದು, ಪ್ರತಿ ಮಾರಾಟದಲ್ಲಿ ಕೊಡೋ ಪಾಲು. ಇಲ್ಲಿಯವರೆಗೆ ಚಾಲ್ತಿಯಲ್ಲಿದ್ದ ಮುಖ್ಯ ದರಗಳು ಹೀಗಿವೆ:

ಗೂಗಲ್ ಪ್ಲೇ: ಖಾತೆ ತೆರೆಯೋಕೆ ಒಂದೇ ಸಲ 25 ಡಾಲರ್, ಅಂದ್ರೆ ಎರಡು ಸಾವಿರ ರೂಪಾಯಿ ಮೇಲೆ. 2021ರ ಜುಲೈನಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆವರೆಗೆ ಶೇ. 15, ಅದರ ಮೇಲೆ ಶೇ. 30.

ಆ್ಯಪಲ್: ಪ್ರತಿ ವರ್ಷ 99 ಡಾಲರ್. ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ದುಡಿಯೋ ಸಣ್ಣವರು ಅರ್ಜಿ ಹಾಕಿದ್ರೆ 2021ರಿಂದ ಶೇ. 15, ಇಲ್ಲದಿದ್ದರೆ ಶೇ. 30.

ಸ್ಟೀಮ್: ಒಂದೊಂದು ಗೇಮ್‌ಗೂ 100 ಡಾಲರ್. ಆ ಗೇಮ್ 1,000 ಡಾಲರ್ ವ್ಯಾಪಾರ ಮಾಡಿದ್ರೆ ಈ 100 ವಾಪಸ್. ಪಾಲು ಶೇ. 30. ಒಂದು ಗೇಮ್ 1 ಕೋಟಿ ಡಾಲರ್ ದಾಟಿದ್ರೆ ಆಮೇಲಿನದಕ್ಕೆ ಶೇ. 25, 5 ಕೋಟಿ ದಾಟಿದ್ರೆ ಶೇ. 20.

ಎಪಿಕ್: ಒಂದು ಗೇಮ್‌ಗೆ 100 ಡಾಲರ್ ಪ್ರವೇಶ ಶುಲ್ಕ. ಪಾಲು ಶೇ. 12. 2025ರ ಜೂನ್‌ನಿಂದ ಒಂದು ಗೇಮ್‌ನ ವರ್ಷದ ಮೊದಲ 10 ಲಕ್ಷ ಡಾಲರ್‌ಗೆ ಏನೂ ಹಿಡಿಯಲ್ಲ.

ಇಚ್ ಡಾಟ್ ಐಓ: ಪ್ರವೇಶ ಶುಲ್ಕ ಇಲ್ಲ. ಪಾಲು ಎಷ್ಟು ಕೊಡ್ತೀರಿ ಅಂತ ಮಾಡಿದವರೇ ನಿರ್ಧರಿಸಬಹುದು. ಏನೂ ಬದಲಾಯಿಸದಿದ್ರೆ ಶೇ. 10, ಬೇಕಿದ್ರೆ ಸೊನ್ನೆಗೂ ಇಳಿಸಬಹುದು.

ಸ್ಟೀಮ್‌ನಲ್ಲಿರೋ ಒಂದು ವಿಚಿತ್ರ ಗಮನಿಸಿ. ದೊಡ್ಡ ವ್ಯಾಪಾರಿಗೆ ರೇಟು ಕಮ್ಮಿ, ಸಣ್ಣವರಿಗೆ ಪೂರ್ತಿ. ಗೂಗಲ್, ಆ್ಯಪಲ್‌ನಲ್ಲಿ ಅದರ ಉಲ್ಟಾ.

ಒಂದು ಕೈಲೆಕ್ಕ

ಚಾಮರಾಜಪೇಟೆಯ ಒಬ್ಬ ಡಿಪ್ಲೊಮಾ ಹುಡುಗ ಕಂಪ್ಯೂಟರ್ ಗೇಮ್ ಮಾಡಿ ಸ್ಟೀಮ್‌ನಲ್ಲಿ 118 ರೂಪಾಯಿಗೆ ಇಟ್ಟ ಅಂತ ಇಟ್ಕೊಳ್ಳಿ. ಭಾರತದಲ್ಲಿ ಸ್ಟೀಮ್ ತೋರಿಸೋ ಬೆಲೆಯಲ್ಲಿ ಶೇ. 18 ಜಿಎಸ್‌ಟಿ ಸೇರಿರುತ್ತೆ. 18 ರೂಪಾಯಿ ತೆರಿಗೆಗೆ ಹೋಯ್ತು, ಉಳೀತು 100. ಅದರಲ್ಲಿ 30 ಸ್ಟೀಮ್‌ಗೆ. ಹುಡುಗನಿಗೆ 70.

200 ಜನ ಕೊಂಡರೆ 14,000 ರೂಪಾಯಿ. ಮೊದಲೇ ಕಟ್ಟಿದ 100 ಡಾಲರ್, ಅಂದ್ರೆ ಸುಮಾರು ಎಂಟೂವರೆ ಒಂಬತ್ತು ಸಾವಿರ, 1,000 ಡಾಲರ್ ವ್ಯಾಪಾರ ಆಗದೇ ಇರೋದ್ರಿಂದ ವಾಪಸ್ ಬರಲ್ಲ. ಕೈಲಿ ಉಳಿಯೋದು ಐದು ಸಾವಿರದ ಆಸುಪಾಸು. ಒಂದೆರಡು ವರ್ಷದ ರಾತ್ರಿ ನಿದ್ದೆಗೆ ಐದು ಸಾವಿರ.

1,000 ಜನ ಕೊಂಡರೆ 70,000, ಜೊತೆಗೆ ಪ್ರವೇಶ ಶುಲ್ಕವೂ ವಾಪಸ್ ಬರೋ ಮಟ್ಟಕ್ಕೆ ಬರುತ್ತೆ. ಅಮೆರಿಕದಲ್ಲಿ ಕೊಂಡವರ ದುಡ್ಡಿನಲ್ಲಿ ಅಲ್ಲಿನ ತೆರಿಗೆಯೂ ಕಡಿತ ಆಗುತ್ತೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಸರಿಯಾಗಿ ಫಾರಂ ತುಂಬಿದ್ರೆ ಅದು ಶೇ. 15. ಕಡಿತವಾದದ್ದಕ್ಕೆ ಇಲ್ಲಿನ ರಿಟರ್ನ್ಸ್‌ನಲ್ಲಿ ಲೆಕ್ಕ ತೋರಿಸಿಕೊಳ್ಳಬಹುದು, ಅದಕ್ಕೆ ಆಡಿಟರ್ ಹತ್ತಿರ ಕೂರಲೇಬೇಕು.

ಈಗ ಸ್ಟೀಮ್ ಶೇ. 30ರ ಬದಲು ಶೇ. 12 ಹಿಡೀತು ಅಂದ್ಕೊಳ್ಳಿ. 1,000 ಪ್ರತಿ ಮಾರಿದವನಿಗೆ 18,000 ಜಾಸ್ತಿ ಸಿಗುತ್ತೆ. 200 ಮಾರಿದವನಿಗೆ ಸಿಗೋದು ಬರೀ 3,600 ಜಾಸ್ತಿ. ಅಂದ್ರೆ ಕಮಿಷನ್ ಇಳಿದ್ರೆ ಹೆಚ್ಚು ಲಾಭ ಆಗೋದು ಆಗಲೇ ಮಾರ್ತಾ ಇರೋರಿಗೆ. ಮಾರೋಕೇ ಆಗದವನ ಕಷ್ಟ ಬೇರೆ. ಅವನ ಗೇಮ್ ಅಂಗಡಿಯಲ್ಲಿ ಇದೆ, ಆದ್ರೆ ಯಾರ ಕಣ್ಣಿಗೂ ಬೀಳ್ತಿಲ್ಲ.

ದುಡ್ಡು ಕೊಟ್ಟಿದ್ದಕ್ಕೆ ಏನು ಸಿಗುತ್ತೆ?

ಕಡಲೆಕಾಯಿ ಪರಿಷೆ ನೆನಪಿಸಿಕೊಳ್ಳಿ. ಬುಲ್ ಟೆಂಪಲ್ ರೋಡ್‌ನಲ್ಲಿ ರಾಶಿ ಹಾಕೋ ವ್ಯಾಪಾರಿಗೆ ಬೇಕಾಗಿರೋದು ಆರಡಿ ಜಾಗ ಅಲ್ಲ, ಆ ಜಾಗದ ಮುಂದೆ ಹರಿಯೋ ಜನ. ಅದೇ ರಾಶಿಯನ್ನ ಒಂದು ಅಡ್ಡರಸ್ತೆ ಒಳಗೆ ಹಾಕಿದ್ರೆ ಬೆಲೆ ಇಳಿಸಿದ್ರೂ ವ್ಯಾಪಾರ ಆಗಲ್ಲ. ಸ್ಟೀಮ್ ಮತ್ತು ಪ್ಲೇ ಸ್ಟೋರ್ ಮಾರ್ತಿರೋದು ಆ ಜನಸಂದಣಿಯನ್ನ. ಎಪಿಕ್ ಶೇ. 12ಕ್ಕೆ ಇಳಿಸಿದ್ರೂ ಎಲ್ಲರೂ ಅಲ್ಲಿಗೆ ಓಡದೇ ಇರೋದಕ್ಕೆ ಮುಖ್ಯ ಕಾರಣ ಇದೇ: ಕೊಳ್ಳೋ ಜನ ಇನ್ನೂ ಸ್ಟೀಮ್‌ನಲ್ಲೇ ಇದ್ದಾರೆ. ಅವರ ಹಳೇ ಗೇಮ್‌ಗಳು, ಸ್ನೇಹಿತರ ಪಟ್ಟಿ, ರಿವ್ಯೂ ಎಲ್ಲಾ ಅಲ್ಲೇ.

ಆದ್ರೆ ಪರಿಷೆಯಲ್ಲಿ ನಡೆದು ಹೋದವರಿಗೆ ಎಲ್ಲಾ ರಾಶಿಯೂ ಕಾಣುತ್ತೆ. ಇಲ್ಲಿ ಹಾಗಿಲ್ಲ. 2024ರ ಒಂದೇ ವರ್ಷದಲ್ಲಿ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್ ಬಂದವು, ದಿನಕ್ಕೆ ಸುಮಾರು ಐವತ್ತು. ಮೊದಲ ಪುಟದಲ್ಲಿ ಯಾವುದು ಬರಬೇಕು ಅಂತ ಅಂಗಡಿಯ ಲೆಕ್ಕಾಚಾರ ತೀರ್ಮಾನ ಮಾಡುತ್ತೆ. ಸ್ಟೀಮ್‌ನಲ್ಲಿ ಕೊಂಡವರು ಕನಿಷ್ಠ 10 ರಿವ್ಯೂ ಬರೆಯೋವರೆಗೂ ಗೇಮ್‌ಗೆ ಒಟ್ಟಾರೆ ಅಂಕವೇ ಬೀಳಲ್ಲ. ಅಂಕ ಇಲ್ಲದ್ದನ್ನ ಹೊಸಬರು ಮುಟ್ಟೋಕೆ ಹಿಂಜರೀತಾರೆ. ಹೊಸ ಹೋಟೆಲ್‌ಗೆ ಜನ ಇಲ್ಲ ಅಂತ ಜನ ಹೋಗದೇ ಇರೋ ಹಾಗೆ.

ಕನ್ನಡದಲ್ಲಿ ಹುಡುಕಿದ್ರೆ?

ಕನ್ನಡದ ಗೇಮ್‌ಗಳಿಗೆ ಇನ್ನೂ ಒಂದು ತೊಡಕು. ನಮ್ಮ ಮನೆ ಆಟಗಳನ್ನೇ ತಗೊಳ್ಳಿ. ಒಬ್ಬರ ಮನೆಯಲ್ಲಿ ಚೌಕಾಬಾರ, ಇನ್ನೊಬ್ಬರಲ್ಲಿ ಕಟ್ಟೆಮನೆ. ಇಲ್ಲಿ ಅಳಗುಳಿ ಮನೆ, ಮಂಗಳೂರು ಕಡೆ ಚೆನ್ನೆಮಣೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ್ರೆ ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು. ಅಜ್ಜಿ ಕಲಿಸಿದ ಹೆಸರಲ್ಲಿ ಮೊಮ್ಮಗಳು ಹುಡುಕಿದ್ರೆ, ಬೇರೆ ಹೆಸರಲ್ಲಿ ಇಟ್ಟಿರೋ ಗೇಮ್ ಸಿಗದೇ ಹೋಗಬಹುದು. ಅಂಗಡಿಯಲ್ಲಿ ಹುಡುಗ ಇದ್ದಿದ್ರೆ 'ಅದಾ, ಇಲ್ಲಿದೆ ತಗೊಳ್ಳಿ ಅಮ್ಮ' ಅಂತ ತೆಗೆದುಕೊಡ್ತಿದ್ದ.

ಗೂಗಲ್ ಪ್ಲೇನಲ್ಲಿ ಗೇಮ್‌ನ ಹೆಸರಿಗೆ ಇರೋ ಮಿತಿ 30 ಅಕ್ಷರ. ಸಣ್ಣ ವಿವರಣೆಗೆ 80. ಕನ್ನಡದಲ್ಲಿ ಒತ್ತಕ್ಷರ, ಕಾಗುಣಿತ ಸೇರಿ ಈ ಜಾಗ ಬೇಗ ತುಂಬಿಹೋಗುತ್ತೆ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಪ್ಲೇ ಸ್ಟೋರ್ ಪುಟವನ್ನ ಕನ್ನಡದಲ್ಲೇ ಪ್ರತ್ಯೇಕವಾಗಿ ಬರೆಯೋಕೆ ಅವಕಾಶ ಇದೆ. ಫೋನ್ ಭಾಷೆ ಕನ್ನಡಕ್ಕೆ ಇಟ್ಟವರಿಗೆ ಆ ಪುಟ ಕಾಣುತ್ತೆ. ಉದ್ದ ವಿವರಣೆಯಲ್ಲಿ ಆಟದ ಬೇರೆ ಬೇರೆ ಹೆಸರುಗಳನ್ನ ಸಹಜವಾಗಿ ಸೇರಿಸಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸ್ಟೀಮ್‌ನ ಅಂಗಡಿ ಪುಟಗಳಿಗೆ ಮಾತ್ರ ಕನ್ನಡದ ಆಯ್ಕೆಯೇ ಇಲ್ಲ.

ಸ್ವಿಗ್ಗಿ, ಜೊಮ್ಯಾಟೊ ಯಾಕೆ ಗೂಗಲ್‌ಗೆ ಕಮಿಷನ್ ಕಟ್ಟಲ್ಲ?

ಇದು ಅಂಗಡಿಯವರು ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಆ ಆ್ಯಪ್‌ಗಳೂ ಪ್ಲೇ ಸ್ಟೋರ್‌ನಲ್ಲೇ ಇವೆಯಲ್ಲ? ನಿಯಮ ಏನಂದ್ರೆ, ದೋಸೆ, ಬಟ್ಟೆ, ಆಟೋ ಸವಾರಿ ಥರ ಕೈಗೆ ಸಿಗೋ ವಸ್ತು ಅಥವಾ ಸೇವೆಗೆ ಗೂಗಲ್, ಆ್ಯಪಲ್ ಪಾಲು ಕೇಳಲ್ಲ. ಫೋನ್ ಒಳಗೇ ಬಳಸಿ ಮುಗಿಯೋ ಡಿಜಿಟಲ್ ಸರಕಿಗೆ ಮಾತ್ರ ಕೇಳ್ತವೆ. ಗೇಮ್‌ನ ಕಾಯಿನ್, ಹೊಸ ಲೆವೆಲ್, ಆಟಗಾರನ ಡ್ರೆಸ್, ಕಥೆ ಕೇಳೋ ಆ್ಯಪ್‌ನ ಚಂದಾ, ಮ್ಯಾಟ್ರಿಮನಿ ಸೈಟ್‌ನ ಸದಸ್ಯತ್ವ ಇವೆಲ್ಲಾ ಈ ಸಾಲಿಗೆ ಬರ್ತವೆ.

ಗೂಗಲ್‌ನ ಸಮರ್ಥನೆಯೂ ಇದೆ. ಶೇ. 97ರಷ್ಟು ಡೆವಲಪರ್‌ಗಳು ಯಾವ ಸೇವಾ ಶುಲ್ಕವನ್ನೂ ಕಟ್ಟಲ್ಲ, ಕಟ್ಟೋರಲ್ಲೂ ಬಹುತೇಕ ಎಲ್ಲರಿಗೂ ಶೇ. 15 ಅಥವಾ ಅದಕ್ಕಿಂತ ಕಮ್ಮಿ ಅನ್ವಯಿಸುತ್ತೆ ಅಂತ ಕಂಪನಿ ಹೇಳುತ್ತೆ. ವೈರಸ್ ತಪಾಸಣೆ, ಅಪ್‌ಡೇಟ್ ಕಳಿಸೋದು, ದುಡ್ಡು ವಸೂಲಿ, ರೀಫಂಡ್ ಇದೆಲ್ಲಕ್ಕೂ ಖರ್ಚಿದೆ ಅನ್ನೋದು ಅವರ ವಾದ. ಎದುರಾಳಿಗಳ ವಾದ ಸರಳ. ದುಡ್ಡು ಕಟ್ಟಿಸಿಕೊಳ್ಳೋ ಕೆಲಸಕ್ಕೆ ಈ ದೇಶದಲ್ಲಿ ಯುಪಿಐ ಇದೆ. 2020ರ ಜನವರಿಯಿಂದ ಅದಕ್ಕೆ ವ್ಯಾಪಾರಿ ಶುಲ್ಕ ಸೊನ್ನೆ. ಹೀಗಿರೋವಾಗ ನಮ್ಮ ಬಿಲ್ಲಿಂಗನ್ನೇ ಬಳಸಿ ಅಂತ ಕಡ್ಡಾಯ ಮಾಡೋದು ಯಾಕೆ?

ಆಯೋಗದ ದಂಡ, ಕೋರ್ಟಿನ ದಾರಿ

2022ರ ಅಕ್ಟೋಬರ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಈ ವಿಷಯದಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್‌ನ ಬಲ ಬಳಸಿ ತನ್ನದೇ ಬಿಲ್ಲಿಂಗ್ ವ್ಯವಸ್ಥೆಯನ್ನ ಹೇರ್ತಿದೆ ಅನ್ನೋದು ಆಕ್ಷೇಪ. ಆಮೇಲೆ ಗೂಗಲ್ ಬೇರೆ ಪೇಮೆಂಟ್ ವ್ಯವಸ್ಥೆಗೂ ಅವಕಾಶ ಕೊಟ್ಟಿತು. ಆದ್ರೆ ಆ ದಾರಿಯಲ್ಲಿ ಹೋದವರಿಗೆ ರಿಯಾಯಿತಿ ಬರೀ ನಾಲ್ಕು ಪಾಲು. 15 ಇದ್ದದ್ದು 11, 30 ಇದ್ದದ್ದು 26. ಆ ಬೇರೆ ಪೇಮೆಂಟ್ ಕಂಪನಿಗೆ ಕೊಡೋ ಶುಲ್ಕ ಪ್ರತ್ಯೇಕ. ಬಾಗಿಲು ತೆಗೆದ್ರೂ ಟೋಲ್ ಹೋಗ್ಲಿಲ್ಲ ಅಂತ ದೇಶದ ಸ್ಟಾರ್ಟಪ್‌ಗಳು ತಕರಾರು ತೆಗೆದವು.

2024ರ ಮಾರ್ಚ್ 1ರಂದು ಜಗಳ ಬೀದಿಗೆ ಬಂತು. ಶುಲ್ಕ ಕಟ್ಟಿಲ್ಲ ಅನ್ನೋ ಕಾರಣಕ್ಕೆ ಗೂಗಲ್ ಭಾರತ್ ಮ್ಯಾಟ್ರಿಮನಿ, ಶಾದಿ ಡಾಟ್ ಕಾಮ್, ನೌಕರಿ ಸೇರಿ ಹಲವು ಆ್ಯಪ್‌ಗಳನ್ನ ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನದಲ್ಲಿ ಅವು ವಾಪಸ್ ಬಂದವು. 2025ರ ಮಾರ್ಚ್‌ನಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನ 216.69 ಕೋಟಿಗೆ ಇಳಿಸಿತು. ಅದರ ಮೇಲೆ ಎರಡೂ ಕಡೆಯವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ.

ಹೊರದೇಶದಲ್ಲೂ ಇದೇ ಕಥೆ. 2020ರ ಆಗಸ್ಟ್‌ನಲ್ಲಿ ಎಪಿಕ್ ಕಂಪನಿ ತನ್ನ 'ಫೋರ್ಟ್‌ನೈಟ್' ಗೇಮ್ ಒಳಗೆ ನೇರ ಪೇಮೆಂಟ್ ಇಟ್ಟಾಗ ಆ್ಯಪಲ್, ಗೂಗಲ್ ಎರಡೂ ಅದನ್ನ ಹೊರಗೆ ಹಾಕಿದವು. ಎಪಿಕ್ ಕೇಸು ಹಾಕಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಲಯ, ಆ್ಯಪ್‌ನಿಂದ ಹೊರಗಿನ ಸೈಟ್‌ಗೆ ಹೋಗಿ ಕೊಂಡರೆ ಅದಕ್ಕೆ ಆ್ಯಪಲ್ ಕಮಿಷನ್ ಕೇಳುವಂತಿಲ್ಲ ಅಂತ ಆದೇಶ ಕೊಟ್ಟಿತು. ಈ ಕೇಸುಗಳಿಂದಾಗಿ ದರಗಳು ಬದಲಾಗ್ತಾನೇ ಇವೆ.

ಬೇರೆ ಅಂಗಡಿ ಇಲ್ವಾ?

ಇದೆ. ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಅನ್ನೋ ಆಂಡ್ರಾಯ್ಡ್ ಅಂಗಡಿ ಶುರು ಮಾಡಿತು. ಕನ್ನಡ ಸೇರಿ 12 ಭಾರತೀಯ ಭಾಷೆಗಳಲ್ಲಿ ಬಳಸಬಹುದು. ಶುರುವಿನಲ್ಲೇ ಅದು ಹೇಳಿದ್ದು, ಮೊದಲ ವರ್ಷ ಆ್ಯಪ್ ಇಡೋಕೆ ಶುಲ್ಕ ಇಲ್ಲ, ಡೆವಲಪರ್ ತನ್ನದೇ ಪೇಮೆಂಟ್ ವ್ಯವಸ್ಥೆ ಬಳಸಿದ್ರೆ ಕಮಿಷನ್ ಇಲ್ಲ ಅಂತ.

ತೊಡಕು ಎಲ್ಲಿ? ಪ್ಲೇ ಸ್ಟೋರ್ ಒಳಗೆ ಇನ್ನೊಂದು ಆ್ಯಪ್ ಅಂಗಡಿ ಇಡೋಕೆ ಗೂಗಲ್ ಬಿಡಲ್ಲ. ಫೋನ್‌ನಲ್ಲಿ ಮೊದಲೇ ಇಲ್ಲದಿದ್ರೆ ಸೈಟ್‌ನಿಂದ ಇಳಿಸಿಕೊಳ್ಳಬೇಕು. ಆಗ ಫೋನ್ 'ಅಪರಿಚಿತ ಮೂಲ, ಅಪಾಯ ಇರಬಹುದು' ಅಂತ ಎಚ್ಚರಿಕೆ ಕೊಡುತ್ತೆ. ಹೆದರಿ ಅಲ್ಲಿಗೇ ಬಿಡೋರೇ ಹೆಚ್ಚು, ಅವರನ್ನ ತಪ್ಪು ಅನ್ನೋಕೂ ಆಗಲ್ಲ. ಯಾಕಂದ್ರೆ ವಾಟ್ಸಾಪ್‌ನಲ್ಲಿ ಬರೋ ಮೋಸದ ಎಪಿಕೆ ಫೈಲ್‌ಗಳಿಂದ ಖಾತೆ ಖಾಲಿ ಮಾಡಿಕೊಂಡವರಿದ್ದಾರೆ.

ಇನ್ನೊಂದು ದಾರಿ ಸ್ಟೀಮ್ ಕೀ. ಗೇಮ್ ಮಾಡಿದವರಿಗೆ ವಾಲ್ವ್ ಉಚಿತವಾಗಿ ಕೋಡ್‌ಗಳನ್ನ ಕೊಡುತ್ತೆ. ಅದನ್ನ ಸ್ಟೀಮ್‌ನ ಹೊರಗೆ, ತಮ್ಮ ಸೈಟ್‌ನಲ್ಲೋ ಕಾಲೇಜು ಫೆಸ್ಟ್‌ನಲ್ಲೋ ಮಾರಿದ್ರೆ ಅದರಲ್ಲಿ ವಾಲ್ವ್ ಪಾಲು ಕೇಳಲ್ಲ. ಸ್ಟೀಮ್ ಗ್ರಾಹಕರಿಗೆ ಅನ್ಯಾಯ ಆಗೋ ಥರ ಹೊರಗೆ ತೀರಾ ಅಗ್ಗಕ್ಕೆ ಕೊಡಬಾರದು ಅಷ್ಟೇ. ಒಂದು ಕಾರ್ಡ್ ಮೇಲೆ ಕೋಡ್ ಪ್ರಿಂಟ್ ಹಾಕಿ ಪರಿಚಯದ ಪುಸ್ತಕದಂಗಡಿ, ಆಟಿಕೆ ಅಂಗಡಿಯಲ್ಲಿ ಇಡೋಕೂ ಆಗುತ್ತೆ. ಆಗ ಕಮಿಷನ್ ಹೋಗೋದು ಇದೇ ಬೀದಿಯ ಅಂಗಡಿಗೆ.

ಅಂಗಡಿಯೇ ಬಾಗಿಲು ಹಾಕಿದ್ರೆ?

ಒಂದೇ ಅಂಗಡಿ ನಂಬಿದವರಿಗೆ ಇರೋ ದೊಡ್ಡ ಅಪಾಯ ಕಮಿಷನ್ ಅಲ್ಲ, ಒಂದು ಬೆಳಗ್ಗೆ ಗೇಮ್ ಮಾಯ ಆಗೋದು. 2022ರ ಜುಲೈ ಕೊನೆಯಲ್ಲಿ ಸರ್ಕಾರದ ಆದೇಶದ ಮೇಲೆ ಬಿಜಿಎಂಐ ಎರಡೂ ಅಂಗಡಿಯಿಂದ ಹೋಯ್ತು. ವಾಪಸ್ ಬಂದಿದ್ದು 2023ರ ಮೇ ತಿಂಗಳಲ್ಲಿ. ಅಷ್ಟು ದೊಡ್ಡ ಕಂಪನಿ ಹತ್ತು ತಿಂಗಳು ತಡಕೊಳ್ತು. ಒಬ್ಬನೇ ಕೂತು ಮಾಡಿದವನಿಗೆ ಹತ್ತು ತಿಂಗಳು ಅಂದ್ರೆ ಅಂಗಡಿ ಮುಚ್ಚಿದ ಹಾಗೆ.

ದುಡ್ಡು ಕಟ್ಟಿ ಆಡೋ ಆಟಗಳ ವಿಷಯ ಇದಕ್ಕಿಂತ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನ ನಿಷೇಧಿಸಿದೆ. ಬೆಂಗಳೂರಿನ ಎಂಪಿಎಲ್ ಸೇರಿ ಹಲವು ಕಂಪನಿಗಳು ಅಂಥ ಆಟ ನಿಲ್ಲಿಸಿದವು. ಆಡೋದಕ್ಕೆ ಒಂದು ಸಲ ಬೆಲೆ ಕೊಟ್ಟು ಕೊಳ್ಳೋ ಗೇಮ್, ಅಥವಾ ಆಟದೊಳಗಿನ ಡ್ರೆಸ್, ಲೆವೆಲ್ ಕೊಳ್ಳೋ ಗೇಮ್ ಈ ನಿಷೇಧಕ್ಕೆ ಬರಲ್ಲ. ಗೆದ್ದರೆ ದುಡ್ಡು ವಾಪಸ್ ಅನ್ನೋ ಪಣದ ಆಟಕ್ಕೆ ಮಾತ್ರ ಅದು. ನಿಷೇಧದ ನಂತರವೂ ಅಂಥ ಆಟದ ಲಿಂಕ್ ಕಳಿಸಿದ್ರೆ ಮುಟ್ಟಬೇಡಿ.

ಮನೆಯವರು, ಅಂಗಡಿಯವರು ಗಮನಿಸಿ

ಮಕ್ಕಳ ಕೈಗೆ ಫೋನ್ ಕೊಡೋ ಮುಂಚೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ. ಮಗುವಿಗೆ ಪ್ರತ್ಯೇಕ ಖಾತೆ ಮಾಡಿ ಫ್ಯಾಮಿಲಿ ಲಿಂಕ್ ಹಾಕಿದ್ರೆ ಖರೀದಿಗೆ ನಿಮ್ಮ ಒಪ್ಪಿಗೆ ಬೇಕಾಗುತ್ತೆ.

ತಿಳಿಯದೇ ಖರೀದಿ ಆಗಿದ್ರೆ ಕಾಯಬೇಡಿ. ಗೂಗಲ್ ಪ್ಲೇನಲ್ಲಿ 48 ಗಂಟೆ ಒಳಗೆ ಅಲ್ಲೇ ರೀಫಂಡ್ ಕೇಳಬಹುದು. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು.

ಗೂಗಲ್ ಪ್ಲೇ ರೀಚಾರ್ಜ್ ಕೋಡ್ ಮಾರೋ ಮೊಬೈಲ್ ಅಂಗಡಿಯವರು, ವಯಸ್ಸಾದವರು ಬಂದು ದೊಡ್ಡ ಮೊತ್ತದ ಕೋಡ್ ಕೇಳಿದ್ರೆ ಒಂದು ಮಾತು ವಿಚಾರಿಸಿ. 'ಬ್ಯಾಂಕಿನವರು ಕೇಳಿದ್ರು', 'ಪೊಲೀಸರು ಕಟ್ಟೋಕೆ ಹೇಳಿದ್ರು' ಅಂದ್ರೆ ಅದು ಮೋಸ. ಯಾವ ಬ್ಯಾಂಕೂ ಯಾವ ಠಾಣೆಯೂ ಗಿಫ್ಟ್ ಕೋಡ್‌ನಲ್ಲಿ ದುಡ್ಡು ತಗೊಳ್ಳಲ್ಲ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಕರೆ ಮಾಡಿ.

ಗೇಮ್ ಮಾಡೋರಿಗೆ ಕೆಲಸಕ್ಕೆ ಬರೋ ಮಾತು

ಗೂಗಲ್ ಪ್ಲೇನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಗೇಮ್ ಬಿಡೋ ಮುಂಚೆ ಕನಿಷ್ಠ 12 ಜನರ ಹತ್ತಿರ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಕೊನೇ ವಾರದಲ್ಲಿ ಗೆಳೆಯರನ್ನ ಹುಡುಕೋಕೆ ಹೋದ್ರೆ ತಡ ಆಗುತ್ತೆ. ಸ್ಟೀಮ್‌ನಲ್ಲಿ ಶುಲ್ಕ ಕಟ್ಟಿ 30 ದಿನ ಆಗೋವರೆಗೂ ಗೇಮ್ ಬಿಡೋಕಾಗಲ್ಲ, 'ಶೀಘ್ರದಲ್ಲಿ' ಅನ್ನೋ ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣಿಸ್ತಿರಬೇಕು. ದಸರಾ ರಜಕ್ಕೆ ಬಿಡಬೇಕು ಅಂದ್ರೆ ಗಣೇಶನ ಹಬ್ಬಕ್ಕೂ ಮುಂಚೆಯೇ ದುಡ್ಡು ಕಟ್ಟಿ.

ಮೊದಲ ಗೇಮ್ ಆದ್ರೆ ಇಚ್‌ನಲ್ಲಿ ಬಿಟ್ಟು ನೋಡಿ. ಖರ್ಚಿಲ್ಲದೇ ನಾಲ್ಕು ಜನರ ಅಭಿಪ್ರಾಯ ಸಿಗುತ್ತೆ. ಆಡಿದವರು ಚೆನ್ನಾಗಿದೆ ಅಂದ ಮೇಲೆ ಸ್ಟೀಮ್‌ನ 100 ಡಾಲರ್ ಯೋಚನೆ ಮಾಡಿ. ಗೇಮ್ ಪುಟದ ಚಿತ್ರ, ಹೆಸರು, ಮೊದಲ ಎರಡು ಸಾಲು ಇವಕ್ಕೆ ಗೇಮ್ ಮಾಡಿದಷ್ಟೇ ತಲೆ ಖರ್ಚು ಮಾಡಿ. ಅದೇ ನಿಮ್ಮ ಅಂಗಡಿಯ ಬೋರ್ಡು. ಕೊಂಡ ಹತ್ತು ಜನರಿಗೆ ಪ್ರಾಮಾಣಿಕ ರಿವ್ಯೂ ಬರೆಯೋಕೆ ಕೇಳಿಕೊಳ್ಳಿ, ದುಡ್ಡು ಕೊಟ್ಟು ಬರೆಸಿದ್ರೆ ಮಾತ್ರ ಗೇಮ್ ತೆಗೆದುಹಾಕ್ತಾರೆ.

ಕರ್ನಾಟಕ 2012ರಲ್ಲೇ ದೇಶದಲ್ಲಿ ಮೊದಲು ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ. ಸಣ್ಣ ತಂಡಗಳು ಅದರಲ್ಲಿ ತಮಗೆ ಯಾವ ನೆರವು ಇದೆ ಅಂತ ಐಟಿ ಬಿಟಿ ಇಲಾಖೆಯಲ್ಲಿ ವಿಚಾರಿಸಬಹುದು. ಶೇಕಡಾ ಎಷ್ಟು ಅನ್ನೋದನ್ನ ಕೋರ್ಟುಗಳು ತೀರ್ಮಾನ ಮಾಡ್ತವೆ. ಅಲ್ಲಿಯವರೆಗೆ ಖಾತೆ ತೆರೆಯೋ ದಿನ ಆಯಾ ಅಂಗಡಿಯ ಶುಲ್ಕದ ಪುಟವನ್ನ ಒಮ್ಮೆ ಓದಿ, 200 ಪ್ರತಿ ಮಾತ್ರ ಮಾರಿದ್ರೆ ಏನು ಉಳಿಯುತ್ತೆ ಅಂತ ಒಂದು ಚೀಟಿಯಲ್ಲಿ ಲೆಕ್ಕ ಹಾಕಿ. ಆ ಲೆಕ್ಕ ನಿಮಗೆ ಒಪ್ಪಿಗೆ ಆದ್ರೆ ಮಾತ್ರ ಡಾಲರ್ ಕಟ್ಟಿ.